ನಮ್ಮೂರ ಶಾಲೆಯ ಗೋಡೆಗೆ ಚಿತ್ತಾರ ಬಂದ ಕಥೆ



ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಕೇಳಿದಾಗ ನಾವು ಹಿಂದೆಮುಂದೆ ನೋಡಿದ್ದು ನಿಜ. 1996ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದ ಮೇಲೆ ನಾವು ಬರೆದದ್ದೆಂದರೆ ಅರ್ಜಿ, ಮಹಜರು ಮತ್ತು ಸಭೆಯ ನಡಾವಳಿ, ಅಷ್ಟೇ. ಹಾಲಿನ ಲೆಕ್ಕ, ಫ್ಯಾಟಿನ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವನ್ನೂ ಕಾರ್ಯದರ್ಶಿಗಳು ಬೇರೆ ಕಡೆ ಬರೆದಿದ್ದಾರೆ. ಆದ್ದರಿಂದ ಸಂಘದ ಲೆಕ್ಕಪುಸ್ತಕದಲ್ಲಿ ಒಂದೇ ಒಂದು ಸಾಲಾಗಿ ಕುಳಿತಿರುವ ಒಂದು ಖರ್ಚಿನ ಕಥೆಯನ್ನು ನಾವು ಹೇಳುತ್ತೇವೆ. 2019-20ರ ಪುಸ್ತಕದಲ್ಲಿ "ಶಾಲೆ ಮಾಡು ರಿಪೇರಿ ಮತ್ತು ಬಣ್ಣದ ಬಾಬ್ತು" ಎಂದು ಇದೆ. ಆ ಒಂದು ಸಾಲಿಗೆ ಎಷ್ಟು ಜಗಳವಾಯಿತು, ಯಾರ ಯಾರ ಕೈಗೆ ಕೆಮ್ಮಣ್ಣು ಹತ್ತಿತು ಎಂಬುದು ಆ ಪುಸ್ತಕದಲ್ಲಿ ಇಲ್ಲ.

ಹಿರಿಯ ಸದಸ್ಯರಿಗೆ ನೆನಪಿರಬಹುದು. 1999ರಲ್ಲಿ ಸಂಘ ಶುರುವಾದಾಗ ನಮಗೆ ಸ್ವಂತ ಕಟ್ಟಡವಿರಲಿಲ್ಲ. ಬೆಳಿಗ್ಗೆ ಹೊತ್ತು ಹಾಲು ಅಳೆಯುತ್ತಿದ್ದದ್ದು ಶಾಲೆಯ ಜಗುಲಿಯ ಮೇಲೆ. ಬಾಡಿಗೆಯೆಂದು ಒಂದು ರೂಪಾಯಿಯನ್ನೂ ಯಾರೂ ಕೇಳಲಿಲ್ಲ. ಮಕ್ಕಳು ಬರುವುದರೊಳಗೆ ಚೆಲ್ಲಿದ ಹಾಲನ್ನು ತೊಳೆದು ಬಿಡಬೇಕು, ನೊಣ ಕೂರಬಾರದು ಎಂಬುದೊಂದೇ ಆಗಿನ ಹೆಡ್‌ಮಾಸ್ತರ ಷರತ್ತು. ಎರಡು ವರ್ಷ ಹೀಗೇ ನಡೆಯಿತು. ಈ ಋಣದ ಮಾತು ಮುಂದೆ ಬರುತ್ತದೆ, ಅದಕ್ಕಾಗಿ ಇಲ್ಲಿಯೇ ಹೇಳಿಟ್ಟೆವು.

ನಾವು ಆ ಶಾಲೆಗೆ ಸೇರಿದ್ದು 1986ರಲ್ಲಿ. ಒಂದೇ ದೊಡ್ಡ ಕೋಣೆ, ನಾಲ್ಕು ಕ್ಲಾಸು, ಒಬ್ಬರೇ ಮಾಸ್ತರು. ಮಣ್ಣಿನ ಗೋಡೆ, ಮೇಲೆ ಹಂಚು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ, ಕೆಳಗೆ ಮೊಳಕಾಲೆತ್ತರಕ್ಕೆ ಕೆಮ್ಮಣ್ಣಿನ ಪಟ್ಟಿ. ಚಿತ್ರ ಎಂಬುದು ಇದ್ದದ್ದು ಎರಡೇ: ಗಾಂಧೀಜಿಯವರದು ಮತ್ತು ಶಾರದೆಯದು. ಶುಕ್ರವಾರ ಶಾರದಾ ಪೂಜೆಗೆ ನಾವೆಲ್ಲ ಹೂವು ತರುತ್ತಿದ್ದೆವು. ಶನಿವಾರ ಬೆಳಿಗ್ಗೆ ಹೆಣ್ಣುಮಕ್ಕಳು ಸಗಣಿ ತಂದು ನೆಲ ಸಾರಿಸುವುದು, ಗಂಡುಮಕ್ಕಳು ಬೋರ್ಡಿಗೆ ಕಪ್ಪು ಹಚ್ಚುವುದು. ಹಳೇ ಬ್ಯಾಟರಿ ಸೆಲ್ಲನ್ನು ಕಲ್ಲಿನಿಂದ ಒಡೆದು ಅದರ ಮಸಿಗೆ ಇದ್ದಿಲಿನ ಪುಡಿ, ಹಸಿ ಸೊಪ್ಪಿನ ರಸ ಸೇರಿಸಿ ತಿಕ್ಕಿದರೆ ಬೋರ್ಡು ಹೊಸದರ ಹಾಗೆ ಆಗುತ್ತಿತ್ತು. ಕೈ ಮಾತ್ರ ಸೋಮವಾರದವರೆಗೂ ಕಪ್ಪು. ನಮ್ಮೂರ ಶಾಲೆಯ ಗೋಡೆಗೆ ಸ್ವಯಂಸೇವಕರು ಬಣ್ಣ ಹಚ್ಚಿದ ಚರಿತ್ರೆ ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡಬೇಕು. ಆಗ ನಮಗೆ ಸ್ವಯಂಸೇವಕ ಎಂಬ ಶಬ್ದ ಗೊತ್ತಿರಲಿಲ್ಲ.

1986ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಅದರ ಹಿಂದೆಯೇ 1987ರಲ್ಲಿ ಕೇಂದ್ರ ಸರ್ಕಾರದ 'ಆಪರೇಷನ್ ಬ್ಲಾಕ್‌ಬೋರ್ಡ್' ಯೋಜನೆ ಬಂತು. ಪ್ರತಿ ಪ್ರಾಥಮಿಕ ಶಾಲೆಗೂ ಮಳೆ ಬಿಸಿಲಿಗೆ ತಡೆಯುವ ಎರಡು ಕೋಣೆ, ಕನಿಷ್ಠ ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಮಹಿಳೆ, ಮತ್ತು ಬೋರ್ಡು, ನಕ್ಷೆ, ಚಾರ್ಟು, ಆಟಿಕೆ ಮುಂತಾದ ಪಾಠೋಪಕರಣ. ಯೋಜನೆಯ ಸಾರ ಇಷ್ಟು. ಇಂಥದ್ದಕ್ಕೊಂದು ಯೋಜನೆಯೇ ಬೇಕಾಯಿತು ಎಂದರೆ ಆಗಿನ ಶಾಲೆಗಳ ಸ್ಥಿತಿ ಹೇಗಿತ್ತೆಂದು ಈಗಿನವರು ಊಹಿಸಿಕೊಳ್ಳಬಹುದು. ನಮ್ಮ ಶಾಲೆಗೆ ಬಂದ ಪೆಟ್ಟಿಗೆಯಲ್ಲಿ ಭೂಗೋಳವೊಂದಿತ್ತು. ಅದನ್ನು ಒಡೆದು ಹಾಕಿಯಾರೆಂದು ಮಾಸ್ತರು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ವರ್ಷಕ್ಕೆ ಎರಡು ಸಲ ದರ್ಶನ. ಅವರನ್ನು ದೂರಿ ಫಲವಿಲ್ಲ, ಒಡೆದರೆ ಲೆಕ್ಕ ಕೊಡಬೇಕಾದವರು ಅವರೇ.

ಆಮೇಲೆ ನಿಜವಾಗಿಯೂ ಗೋಡೆಯನ್ನು ಮಕ್ಕಳ ಕೈಗೆ ಕೊಟ್ಟದ್ದು 'ನಲಿ-ಕಲಿ'. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರೇ ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ. ರಾಜ್ಯದ ಎಲ್ಲ ಕಡೆಗೆ ಬಂದದ್ದು 2009-10ರಲ್ಲಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುವುದು, ಕಾರ್ಡು ಹಿಡಿದು ಕಲಿಯುವುದು, ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರೇ ಬರೆದ ಚಿತ್ರಗಳು ತೂಗುವುದು. ಗೋಡೆಯ ಬುಡದಲ್ಲಿ ಮಕ್ಕಳ ಎದೆಯೆತ್ತರಕ್ಕೆ ಸುತ್ತಲೂ ಬೋರ್ಡು, ಒಬ್ಬೊಬ್ಬರಿಗೆ ಒಂದೊಂದು ತುಂಡು. ನಮ್ಮ ಕಾಲದಲ್ಲಿ ಬೋರ್ಡು ಮಾಸ್ತರ ಎತ್ತರಕ್ಕಿತ್ತು, ಈಗ ಮಕ್ಕಳ ಎತ್ತರಕ್ಕೆ ಇಳಿಯಿತು. ನೋಡಲು ಇದು ಸಣ್ಣ ವಿಷಯ. ಆದರೆ ನಮ್ಮ ಅಣ್ಣನ ಮಗ ಮನೆಗೆ ಬಂದು "ನನ್ನ ಗೋಡೆ" ಎಂದು ಹೇಳಿದ್ದನ್ನು ನಾವು ಕೇಳಿದ್ದೇವೆ.

ದೆಹಲಿಯಲ್ಲಿ ಕಬೀರ್ ವಾಜಪೇಯಿ ಎಂಬ ವಾಸ್ತುಶಿಲ್ಪಿಯವರು 'ವಿನ್ಯಾಸ್' ಎಂಬ ತಮ್ಮ ಸಂಸ್ಥೆಯ ಮೂಲಕ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದಾರೆ. ಅದಕ್ಕೆ 'ಬಾಲ' ಎಂದು ಹೆಸರು. ಶಾಲೆಯ ಕಟ್ಟಡವೇ ಪಾಠದ ಪುಸ್ತಕ ಎಂಬುದು ಅದರ ತಾತ್ಪರ್ಯ. ಬಾಗಿಲು ತೆರೆಯುವ ಜಾಗದ ನೆಲದಲ್ಲಿ ಕೋನಗಳ ಗುರುತು ಬರೆದರೆ ಬಾಗಿಲು ತೆಗೆದಷ್ಟೂ ಕೋನ ತಿಳಿಯುತ್ತದೆ. ಮೆಟ್ಟಿಲಿಗೆ ಅಂಕಿ ಬರೆದರೆ ಹತ್ತುವಾಗ ಕೂಡುವುದು, ಇಳಿಯುವಾಗ ಕಳೆಯುವುದು. ಕಿಟಕಿಯ ಸರಳಿನಲ್ಲಿ ಅಕ್ಷರದ ತಿರುವು. ದುಡ್ಡಿಲ್ಲದ ಶಾಲೆಗೆ ಇದಕ್ಕಿಂತ ಅಗ್ಗದ ಪಾಠೋಪಕರಣ ಇನ್ನೊಂದಿಲ್ಲ ಎಂಬುದು ನಮ್ಮ ಅನಿಸಿಕೆ.

ಇನ್ನು ನಮ್ಮೂರಿಗೆ ಬರೋಣ. 2014ರ ಮೇ ತಿಂಗಳ ಕೊನೆಯಲ್ಲಿ ಪಟ್ಟಣದಿಂದ ಯುವಕ ಯುವತಿಯರ ಒಂದು ತಂಡ ಬಸ್ಸು ಮಾಡಿಕೊಂಡು ಬಂತು. ಶಾಲೆಗೆ ಬಣ್ಣ ಹೊಡೆದು ಚಿತ್ರ ಬರೆದುಕೊಡುತ್ತೇವೆ, ನೀವು ಒಂದು ರೂಪಾಯಿ ಕೊಡಬೇಡಿ ಎಂದರು. ಒಳ್ಳೆಯ ಮಕ್ಕಳು, ಅದರಲ್ಲಿ ಎರಡು ಮಾತಿಲ್ಲ. ಎರಡು ದಿನ ಬಿಸಿಲಿನಲ್ಲಿ ನಿಂತು ದುಡಿದರು. ನಮ್ಮ ಮನೆಯಿಂದಲೇ ಮಜ್ಜಿಗೆ ಹೋಯಿತು. ಟಿ.ವಿ.ಯಲ್ಲಿ ಬರುವ ಇಲಿ, ಬೆಕ್ಕು, ಹಿಮದ ಮನೆ, ಬಣ್ಣದ ಛತ್ರಿ, ಎಲ್ಲ ಬಂತು. ಮಕ್ಕಳಿಗೆ ಸಂತೋಷವೋ ಸಂತೋಷ. ತಂಡದ ಹೆಸರು ಮಾತ್ರ 'ಅ ಆ ಇ ಈ'ಗಿಂತ ದೊಡ್ಡ ಅಕ್ಷರದಲ್ಲಿತ್ತು. ಫೋಟೋ ಹೊಡೆದುಕೊಂಡು ಹೋದರು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ನಮ್ಮ ಮಲೆನಾಡಿನ ಮಳೆ ಹೇಗೆಂದು ಹೇಳಬೇಕಾಗಿಲ್ಲ. ಮಾಡಿನ ಹಂಚು ಒಡೆದಿತ್ತು, ದಂಬೆ ಕೊಳೆತಿತ್ತು, ನೀರು ಗೋಡೆಗೇ ಇಳಿಯುತ್ತಿತ್ತು. ಸುಣ್ಣದ ಮೇಲೆ ಸುಣ್ಣ ಬಳಿದು ದಪ್ಪಗಾದ ಗೋಡೆಯನ್ನು ಕೆರೆಯದೆ ಅದರ ಮೇಲೇ ಆಯಿಲ್ ಪೇಂಟ್ ಹೊಡೆದದ್ದು. ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಗುಳ್ಳೆ ಎದ್ದು ಹಪ್ಪಳದ ಹಾಗೆ ಸುಣ್ಣದ ಸಮೇತ ಕಳಚಿಕೊಂಡಿತು. ದೀಪಾವಳಿ ಹೊತ್ತಿಗೆ ಇಲಿಗೆ ಮುಖವಿಲ್ಲ, ಬೆಕ್ಕಿಗೆ ಕಾಲಿಲ್ಲ. ಮೊದಲಿನ ಬಿಳಿ ಗೋಡೆಯಾದರೂ ಗೋಡೆಯ ಹಾಗಿತ್ತು, ಈಗ ಹುಣ್ಣಾದ ಮೈ ಹಾಗಾಯಿತು. ತಪ್ಪು ಅವರದು ಎನ್ನಲು ನಮಗೆ ಬಾಯಿಲ್ಲ. ಮಾಡು ಸೋರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಬಿಟ್ಟಿ ಬಣ್ಣ ಬರುವಾಗ ಯಾರೂ ಬಾಯಿ ಬಿಡಲಿಲ್ಲ.

ಹೀಗೆ ನಾಲ್ಕೈದು ವರ್ಷ ಕಳೆಯಿತು. ಅಷ್ಟರಲ್ಲಿ ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನು ಊರೊಳಗೆ ಬರಲು ಶುರುವಾಗಿತ್ತು. ಇಂಗ್ಲಿಷ್ ಮೀಡಿಯಂ, ಟೈ, ಬೂಟು. 2018ರಲ್ಲಿ ನಮ್ಮ ಶಾಲೆಯಲ್ಲಿ ಉಳಿದ ಮಕ್ಕಳು ಹನ್ನೊಂದು. ಇಂದಲ್ಲ ನಾಳೆ ಪಕ್ಕದೂರಿನ ಶಾಲೆಗೆ ಸೇರಿಸಿಬಿಡುತ್ತಾರೆ ಎಂದು ಎಲ್ಲರ ಬಾಯಲ್ಲೂ ಮಾತು. ಮುಚ್ಚುಮರೆ ಏಕೆ, ಆ ಹಳದಿ ವ್ಯಾನಿನಲ್ಲಿ ನಮ್ಮ ದೊಡ್ಡ ಮಗನೂ ಇದ್ದ. ಸರ್ಕಾರಿ ಶಾಲೆ ಉಳಿಯಬೇಕೆಂದು ಸಭೆಯಲ್ಲಿ ಮಾತನಾಡುವವರ ಮಕ್ಕಳೇ ಅಲ್ಲಿ ಇರಲಿಲ್ಲ.

2019ರ ಸೆಪ್ಟೆಂಬರಿನಲ್ಲಿ ಶಾಲೆಯ ಎಸ್.ಡಿ.ಎಂ.ಸಿ. ಅಧ್ಯಕ್ಷರು ಸಂಘಕ್ಕೆ ಅರ್ಜಿ ಕೊಟ್ಟರು. ಮಾಡು ಸರಿ ಮಾಡಿಸಿಕೊಡಿ, ಬಣ್ಣದ ಕೆಲಸ ನಾವೇ ಶ್ರಮದಾನದಲ್ಲಿ ಮಾಡುತ್ತೇವೆ ಎಂದು. ಆಡಳಿತ ಮಂಡಳಿಯಲ್ಲಿ ಮೊದಲು ಬೇಡ ಎಂದವರಲ್ಲಿ ನಾವೂ ಒಬ್ಬರು. "ಹಾಲಿನ ದುಡ್ಡಲ್ಲಿ ಗೋಡೆಗೆ ಚಿತ್ರವಾ? ಹಿಂಡಿ ರೇಟು ನೋಡಿದ್ರಾ?" ಎಂದು ಕೇಳಿದ್ದು ನಾವೇ. ಸಹಕಾರ ಕಾಯ್ದೆಯಂತೆ ಲಾಭದಲ್ಲಿ ಶೇಕಡಾ 25 ಮೀಸಲು ನಿಧಿಗೆ ಹೋಗಲೇಬೇಕು, ಉಳಿದದ್ದರಲ್ಲಿ ಬೋನಸ್ಸು ಕಡಿಮೆಯಾದರೆ ಸದಸ್ಯರಿಗೆ ಯಾರು ಉತ್ತರ ಹೇಳುವುದು ಎಂಬುದು ನಮ್ಮ ವಾದ. ಆಗ ಸಂಘದ ಸ್ಥಾಪಕ ಸದಸ್ಯರಾದ ಹಿರಿಯರೊಬ್ಬರು ಎದ್ದು ನಿಂತು, "ಎರಡು ವರ್ಷ ಜಗುಲಿ ಮೇಲೆ ಹಾಲು ಅಳೆದ್ಯಲ್ಲ ಮಾರಾಯ, ಅದರ ಬಾಡಿಗೆ ಎಷ್ಟಾತು ಅಂತ ಲೆಕ್ಕ ಹಾಕು" ಎಂದರು. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ನಾವೂ ಕೂತೆವು. ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆಯಾಯಿತು. ಇಬ್ಬರ ವಿರೋಧ ದಾಖಲಾಗಿದೆ, ಅದರಲ್ಲಿ ನಮ್ಮ ಹೆಸರಿಲ್ಲ ಎಂಬುದು ಇಂದಿಗೆ ಸಮಾಧಾನ.

ಈ ಸಲ ಕೆಲಸ ಹಿಂದುಮುಂದಾಗಲಿಲ್ಲ. ಮಳೆ ಬಿಟ್ಟ ಮೇಲೆ ಮೊದಲು ಹಂಚು ಇಳಿಸಿ ಪಕಾಸು ಬದಲಾಯಿಸಿ ಮಾಡು ಕಟ್ಟಿದ್ದಾಯಿತು. ತಗಡಿನ ದೋಣಿ ಹಾಕಿದ್ದಾಯಿತು. ಗೋಡೆಯನ್ನು ಬುಡದಿಂದ ಕೆರೆದು ಒಂದು ತಿಂಗಳು ಹಾಗೇ ಒಣಗಲು ಬಿಟ್ಟೆವು. ನಮಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ್ದ ನಿವೃತ್ತ ಮಾಸ್ತರು ಟಿವಿಎಸ್ ಗಾಡಿಯಲ್ಲಿ ವಾರಕ್ಕೆರಡು ಸಲ ಬಂದು ಗೋಡೆಗೆ ಕೈಯಿಟ್ಟು ನೋಡುವುದು, "ಇನ್ನೂ ಜ್ವರ ಬಿಟ್ಟಿಲ್ಲ" ಎಂದು ವಾಪಸ್ಸು ಹೋಗುವುದು. ಹುಡುಗರಿಗೆ ತಾಳ್ಮೆ ತಪ್ಪಿತು. ಅವರು ಮಾತ್ರ ಗೋಡೆ ಒಣಗುವವರೆಗೆ ಬ್ರಷ್ ಮುಟ್ಟಲು ಬಿಡಲಿಲ್ಲ.

ಕಾಯುವ ಆ ದಿನಗಳಲ್ಲಿ ಮಾಸ್ತರು ಹೇಳಿದ ಸಂಗತಿಗಳು ನಮಗೆ ಹೊಸವು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಹಳ್ಳಿಯ ಜನ ನೋಡುವಂತೆ ಚಿತ್ರ ಬರೆಯಬೇಕೆಂದು ಗಾಂಧೀಜಿಯವರು ಶಾಂತಿನಿಕೇತನದ ನಂದಲಾಲ್ ಬೋಸರನ್ನು ಕರೆಸಿದರಂತೆ. ಮುಂದೆ ಸಂವಿಧಾನದ ಮೂಲ ಪ್ರತಿಯನ್ನು ಚಿತ್ರಗಳಿಂದ ಅಲಂಕರಿಸಿದವರೂ ಇವರೇ. ಬೋಸರು ರಾಜಮಹಾರಾಜರನ್ನು ಬರೆಯಲಿಲ್ಲ. ಡೋಲು ಬಡಿಯುವವನು, ಚಪ್ಪಲಿ ಹೊಲಿಯುವವನು, ಬಡಗಿ, ಮಗುವಿಗೆ ಹಾಲೂಡುವ ತಾಯಿ, ಇಂಥವರನ್ನೇ ಬರೆದರು. ಆ ಶಾಂತಿನಿಕೇತನದಲ್ಲೇ ಕಲಿತ ದೇವಿ ಪ್ರಸಾದ್ ಎಂಬುವರು 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಅಲ್ಲಿನ ಶಾಲೆಯ ಮಕ್ಕಳಿಗೆ ಬಹಳ ವರ್ಷ ಚಿತ್ರ ಕಲಿಸಿದರು. ಇದನ್ನೆಲ್ಲ ಹೇಳಿ ಮಾಸ್ತರು, "ನಿಮ್ಮೂರಲ್ಲಿ ಚಿತ್ರ ಬರೆಯೋರು ಇಲ್ವನಾ? ಪೇಟೆಯಿಂದಲೇ ಬರಬೇಕಾ?" ಎಂದು ಕೇಳಿದರು.

ಇದ್ದರು. ನಮ್ಮ ದೀವರ ಕೇರಿಯಲ್ಲಿ ಹಸೆ ಚಿತ್ತಾರ ಬಲ್ಲ ಅಜ್ಜಿಯೊಬ್ಬರಿದ್ದರು. ಎಂಬತ್ತು ದಾಟಿತ್ತು. ನಾವು ಸಣ್ಣವರಿರುವಾಗ ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಿದ್ದರು. ಮದುಮಕ್ಕಳು ಅದರ ಮುಂದೆ ಹಸೆಯಲ್ಲಿ ಕೂರಬೇಕು. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೂ ಚಿತ್ತಾರ ಆಗಲೇಬೇಕು. ಬುಟ್ಟಿಯ ಚಿತ್ತಾರ ಹೇಗೋ ಉಳಿದಿದೆ. ಗೋಡೆಯದು ಹೋಯಿತು. ಸಿಮೆಂಟಿನ ಮನೆ ಬಂದ ಮೇಲೆ ಕೆಮ್ಮಣ್ಣಿನ ಗೋಡೆಯೇ ಇಲ್ಲ, ಮದುವೆ ಕಲ್ಯಾಣ ಮಂಟಪಕ್ಕೆ ಹೋಯಿತು, ಹಸೆ ಬ್ಯಾನರಿನ ಮೇಲೆ ಪ್ರಿಂಟಾಗಿ ಬಂತು. ನಮ್ಮ ಮನೆಯಲ್ಲೂ ಹೀಗೇ ಆದದ್ದು. ನಮ್ಮ ಮದುವೆಯ ಹಸೆ ಗೋಡೆಯ ಮೇಲೇ ನಾವು ಡಿಸ್ಟೆಂಪರ್ ಹೊಡೆಸಿದೆವು.

ಅಜ್ಜಿ ಮೊದಲು ಒಪ್ಪಲಿಲ್ಲ. "ಹಸೆ ಬರಿಯೂದು ಮದುವೆ ಮನೇಲಿ. ಶಾಲೇಲಿ ಮದುವೆ ಯಾರದ್ದಾ?" ಎಂದರು. ಅದು ಸರಿಯಾದ ಪ್ರಶ್ನೆಯೇ. ಶಾಲೆಯ ಮೇಡಂ ಅವರು ಎರಡು ದಿನ ಹೋಗಿ ಕೂತು ಮಾತನಾಡಿ ಕೊನೆಗೆ ಒಂದು ದಾರಿ ಕಂಡುಕೊಂಡರು: ಮದುಮಕ್ಕಳನ್ನೂ ಬಾಸಿಂಗವನ್ನೂ ಬರೆಯುವುದು ಬೇಡ, ಭೂಮಿ ಹುಣ್ಣಿಮೆಯ ಬುಟ್ಟಿಯ ಚಿತ್ತಾರ, ಭತ್ತದ ತೆನೆ, ಹಕ್ಕಿ ಇಷ್ಟೇ ಸಾಕು. ಅಜ್ಜಿ ಬಂದರು. ಹೊರಗೋಡೆ ನೋಡಿ, "ಇಲ್ಲಿ ಬ್ಯಾಡ, ಮಳೆ ನೆಕ್ಕಿ ಹೋಗ್ತದೆ, ಜಗುಲಿ ಒಳಗೆ ಬರೀರಿ" ಎಂದರು. ಹಾಲು ಅಳೆಯುತ್ತಿದ್ದ ಅದೇ ಜಗುಲಿ.

ಗುಡ್ಡದಿಂದ ಕೆಮ್ಮಣ್ಣು ತಂದು ಜರಡಿ ಹಿಡಿದು ನೆನೆಸಿ ಮೂರು ಸಲ ಬಳಿದೆವು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂಗಡಿಯದಲ್ಲ, ಪುಂಡಿ ನಾರನ್ನು ಕಟ್ಟಿ ತುದಿ ಜಜ್ಜಿ ಮಾಡಿದ್ದು. ಆರನೇ, ಏಳನೇ ಕ್ಲಾಸು ಓದಲು ಹೊರಗೆ ಹೋಗುವ ಹೆಣ್ಣುಮಕ್ಕಳು ಭಾನುವಾರ ಬಂದು ಅಜ್ಜಿಯ ಹತ್ತಿರ ಕೂತು ಕಲಿತರು. ಸ್ಕೇಲಿಟ್ಟು ಗೆರೆ ಎಳೆಯಲು ಹೋದ ಹುಡುಗಿಯ ಕೈಯಿಂದ ಅಜ್ಜಿ ಸ್ಕೇಲು ಕಿತ್ತುಕೊಂಡರು. ಹವ್ಯಕರ ಕೇರಿಯ ಅಮ್ಮಂದಿರು ಕೇಳಿ ಸುಮ್ಮನಿರಲಿಲ್ಲ, ಶೇಡಿ ಕಲಸಿಕೊಂಡು ಬಂದು ಇನ್ನೊಂದು ಬದಿಯ ಗೋಡೆ ಹಿಡಿದರು. ಒಂದೇ ಜಗುಲಿಯ ಮೇಲೆ ಎರಡು ಕೇರಿಯ ಹೆಂಗಸರು ಕೂತು ಬರೆದದ್ದನ್ನು ನಾವು ಅದಕ್ಕೂ ಮೊದಲು ನೋಡಿರಲಿಲ್ಲ. ಚಹಾ ಮಾತ್ರ ಮೊದಲ ದಿನ ಬೇರೆ ಬೇರೆ ಬಂತು. ಮೂರನೇ ದಿನದಿಂದ ಒಂದೇ ಪಾತ್ರೆ.

ಹೊರಗೋಡೆಯನ್ನು ಯುವಕ ಸಂಘದ ಹುಡುಗರು ಪ್ರೈಮರ್ ಹೊಡೆದು ಹೊರಗಿನ ಪೇಂಟಿನಲ್ಲಿ ಮಾಡಿದರು. ಅಲ್ಲಿ ಮಾಸ್ತರು 'ಬಾಲ' ಪದ್ಧತಿಯನ್ನು ನಮ್ಮೂರಿಗೆ ಹೊಂದಿಸಿದರು. ನಲವತ್ತು ಲೀಟರಿನ ಹಾಲಿನ ಕ್ಯಾನು ದೊಡ್ಡದಾಗಿ ಬರೆದು ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಹಾಕಿದ್ದಾರೆ. ಅರ್ಧ ಕ್ಯಾನಿಗೆ ಎಷ್ಟು ಲೀಟರ್ ಎಂದು ಎರಡನೇ ಕ್ಲಾಸಿನ ಮಗು ಹೇಳುತ್ತದೆ. ಪಕ್ಕದಲ್ಲಿ ಊರಿನ ನಕ್ಷೆ: ಹಳ್ಳ, ಕೆರೆ, ಡೇರಿ, ಶಾಲೆ, ದೇವಸ್ಥಾನ. ಹಸುವಿನ ಬಾಯಿಂದ ಹಿಡಿದು ಮಕ್ಕಳ ಲೋಟದವರೆಗೆ ಹಾಲಿನ ದಾರಿಯನ್ನೂ ಬರೆದಿದ್ದಾರೆ. 2013ರ ಆಗಸ್ಟಿನಲ್ಲಿ 'ಕ್ಷೀರಭಾಗ್ಯ' ಶುರುವಾದ ಮೇಲೆ ನಾವು ಡೇರಿಗೆ ಹಾಕಿದ ಹಾಲು ಒಕ್ಕೂಟಕ್ಕೆ ಹೋಗಿ, ಪುಡಿಯಾಗಿ, ಶಾಲೆಗೆ ಬಂದು, ಬಿಸಿನೀರಲ್ಲಿ ಕರಗಿ ಮತ್ತೆ ಹಾಲಾಗುವುದು ನಿಮಗೆಲ್ಲ ಗೊತ್ತೇ ಇದೆ. ಈ ಸುತ್ತುದಾರಿಯನ್ನು ಬಿಡಿಸಿ ಬರೆದ ಹುಡುಗ ಪುಡಿಯ ಚೀಲದ ಹತ್ತಿರ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ. ಅಳಿಸುವುದು ಬೇಡ ಎಂದು ನಾವೇ ಹೇಳಿದೆವು.

2020ರ ಫೆಬ್ರವರಿಗೆ ಕೆಲಸ ಮುಗಿಯಿತು. ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಗೇ ಬೀಗ ಬಿತ್ತು. ಇಷ್ಟು ಮಾಡಿ ಹೀಗಾಯಿತಲ್ಲ ಎಂದು ಎಲ್ಲರೂ ಕೊರಗಿದೆವು. ಆದರೆ ಒಳಗಿನ ಕಪಾಟಿಗೆ ಬೀಗವಿದ್ದರೂ ಹೊರಗೋಡೆಗೆ ಯಾರು ಬೀಗ ಹಾಕುತ್ತಾರೆ? ಆ ವರ್ಷ ಆಗಸ್ಟಿನಲ್ಲಿ 'ವಿದ್ಯಾಗಮ' ಬಂದಾಗ ಮೇಡಂ ಅವರು ಮಕ್ಕಳನ್ನು ದೂರದೂರ ಕೂರಿಸಿ ಪಾಠ ಮಾಡಿದ್ದು ಅದೇ ಜಗುಲಿಯಲ್ಲಿ, ಕ್ಯಾನಿನ ಚಿತ್ರ ತೋರಿಸಿಕೊಂಡು. ಹಳದಿ ವ್ಯಾನು ನಿಂತಿತ್ತು. ನೆಟ್ವರ್ಕ್ ಇಲ್ಲದ ಊರಲ್ಲಿ ಮೊಬೈಲ್ ಪಾಠವೂ ಇಲ್ಲ. ನಮ್ಮ ಚಿಕ್ಕ ಮಗಳು ದಿನಾ ಅಲ್ಲಿ ಹೋಗಿ ಕೂರಲು ಶುರು ಮಾಡಿದಳು. 2021ರಲ್ಲಿ ಅವಳನ್ನು ಆ ಶಾಲೆಗೇ ಸೇರಿಸಿದೆವು. ಬಣ್ಣ ನೋಡಿ ಸೇರಿಸಿದಿರಾ ಎಂದು ಕೆಲವರು ತಮಾಷೆ ಮಾಡುತ್ತಾರೆ. ಬಣ್ಣ ನೋಡಿ ಅಲ್ಲ, ಮೇಡಂ ಅವರನ್ನು ನೋಡಿ. ಆದರೆ ಅವಳನ್ನು ಮೊದಲು ಅಲ್ಲಿಗೆ ಕರೆದದ್ದು ಬಣ್ಣವೇ ಇರಬೇಕು.

ಈಗ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳಿದ್ದಾರೆ. ವ್ಯಾನು ಈಗಲೂ ಬರುತ್ತದೆ. ಹತ್ತೊಂಬತ್ತು ದೊಡ್ಡ ಸಂಖ್ಯೆಯೇನಲ್ಲ, ಚಿಂತೆ ಹೋಗಿಲ್ಲ. ಇಬ್ಬರು ಶಿಕ್ಷಕರು ಬೇಕಾದಲ್ಲಿ ಒಬ್ಬರೇ ಇದ್ದಾರೆ, ಅದನ್ನು ಚಿತ್ತಾರದಿಂದ ತುಂಬಲು ಬರುವುದಿಲ್ಲ. ಈಚಿನ ವರ್ಷಗಳಲ್ಲಿ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳ ಗೋಡೆ ರೈಲಿನ ಡಬ್ಬಿಯಾಗಿದೆ, ದಾನಿಗಳು, ಹಳೇ ವಿದ್ಯಾರ್ಥಿಗಳು, ಶಿಕ್ಷಕರು ಸ್ವಂತ ಖರ್ಚಿನಲ್ಲಿ ಮಾಡಿದ್ದಾರೆ. ಒಳ್ಳೆಯದೇ. ಆದರೆ ಬ್ರಷ್ ಹಿಡಿದು ಬರುವ ಯಾರಿಗೇ ಆಗಲಿ ನಾವು ಹೇಳುವುದು ಒಂದೇ: ಮೊದಲು ಮಾಡು ನೋಡಿ, ಆಮೇಲೆ ಊರಿನ ಹೆಂಗಸರನ್ನು ಕೇಳಿ.

ಜಗುಲಿಯ ಗೋಡೆಗೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಆದರೂ ಥಂಡಿಗೆ ಕೆಮ್ಮಣ್ಣು ಅಲ್ಲಲ್ಲಿ ಏಳುತ್ತದೆ. ಪ್ರತಿ ವರ್ಷ ಭೂಮಿ ಹುಣ್ಣಿಮೆ ಕಳೆದ ಮೇಲೆ ಆ ಹುಡುಗಿಯರೇ ಕೂತು ಹೊಸದಾಗಿ ಬಳಿದು ಬರೆಯುತ್ತಾರೆ. ಅವರಲ್ಲಿ ಇಬ್ಬರು ಈಗ ಪಿ.ಯು.ಸಿ. ಮುಗಿಸಿದ್ದಾರೆ. ಅಜ್ಜಿ 2021ರಲ್ಲಿ ತೀರಿಕೊಂಡರು. ಎಡಗಡೆಯ ಕಿಟಕಿಯ ಕೆಳಗೆ ಒಂದು ಮೊಳದಷ್ಟು ಜಾಗದಲ್ಲಿ ಅವರು ಕೈಯಾರೆ ಬರೆದ ಭತ್ತದ ತೆನೆ ಇದೆ. ಕೈ ನಡುಗಿದ್ದು ಎಳೆಯಲ್ಲಿ ಕಾಣುತ್ತದೆ. ಬೆಳ್ಳಿಹಬ್ಬಕ್ಕೆ ಅತಿಥಿಗಳು ಬರುತ್ತಾರೆ, ಮಾಸಿದ್ದನ್ನು ಸರಿಮಾಡಿಸೋಣ ಎಂದು ಮಂಡಳಿಯಲ್ಲಿ ಮಾತು ಬಂದಾಗ ಹುಡುಗಿಯರು ಬೇಡ ಎಂದರು. ಅಷ್ಟು ಬಿಟ್ಟು ಉಳಿದದ್ದೆಲ್ಲ ಹೊಸದಾಗಿ ಬರೆದಿದ್ದಾರೆ. ಸಮಾರಂಭದ ದಿನ ಬಂದವರು ಚಪ್ಪಲಿ ಕೆಳಗೆ ಬಿಟ್ಟು ಜಗುಲಿ ಹತ್ತಿ ನೋಡಬಹುದು.